ಗೋಡೆ ಬಡಿಯದ ದಿನ

ನನಗೂ ನನ್ನ ಓರಗಿತ್ತಿಗೂ ನಡುವೆ ಇರುವುದು ಒಂದೇ ಇಟ್ಟಿಗೆ ದಪ್ಪದ ಗೋಡೆ. ಮಾವ ತೀರಿಕೊಂಡ ಮೇಲೆ ಇದ್ದ ಒಂದು ಮನೆಯನ್ನು ಎರಡು ಮಾಡಿ, ಹಜಾರದ ಮಧ್ಯಕ್ಕೆ ಆ ಗೋಡೆ ಎಬ್ಬಿಸಿದರು. ಬೆಳಕು ಬೀಳುವ ಕಿಟಕಿ ನಮ್ಮ ಕಡೆ ಬಂತು, ಜೋರಾಗಿ ನೀರು ಬರುವ ನಲ್ಲಿ ಅವಳ ಕಡೆ ಹೋಯಿತು. ಅವತ್ತಿನಿಂದ ನಾವಿಬ್ಬರೂ ಹಾವು ಮುಂಗುಸಿ. ಅವಳ ಗಂಡ, ಅಂದರೆ ನನ್ನ ಭಾವ, ಸತ್ತು ವರ್ಷಗಳಾದವು. ಮಕ್ಕಳಿಲ್ಲ. ಈಗ ಅವಳಿಗೆ ಉಳಿದಿರುವುದು ಒಂದು ರೇಡಿಯೋ, ಒಂದು ಸೌಟು ಮತ್ತು ನಾನು.

ಸೌಟು ಅಡುಗೆಗೆ ಎಂದುಕೊಳ್ಳಬೇಡಿ, ಗೋಡೆ ಬಡಿಯುವುದಕ್ಕೆ. ನಾನು ದರ್ಜಿ. ಮುಂದಿನ ಕೋಣೆಯಲ್ಲಿ ಮಷೀನು ಹಾಕಿಕೊಂಡು ಬೀದಿಯವರ ಪ್ಯಾಂಟು ಮೋಟು ಮಾಡುತ್ತೇನೆ, ಜಿಪ್ಪು ಹಾಕುತ್ತೇನೆ, ದಪ್ಪಗಾದವರ ಬಟ್ಟೆಯ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತೇನೆ. ಅವರು ಬಟ್ಟೆ ಒಗೆದು ಕುಗ್ಗಿತು ಎನ್ನುತ್ತಾರೆ, ನಾನು ಹೂಂ ಎನ್ನುತ್ತೇನೆ. ಮಷೀನು ಶುರುವಾದ ಕೂಡಲೇ ಆ ಕಡೆಯಿಂದ ಸೌಟು ಶುರು. ಒಂದು ಬಡಿತ ಎಂದರೆ ಮಷೀನು ನಿಲ್ಲಿಸು. ಎರಡು ಎಂದರೆ ನಿನ್ನ ಒಗ್ಗರಣೆ ಹೊಗೆ ನನ್ನ ಮನೆಗೆ ಬರುತ್ತಿದೆ. ಬಿಡದೆ ಬಡಿದರೆ ವಿಶೇಷ ಕಾರಣವೇನಿಲ್ಲ, ನನ್ನ ನೆನಪಾಗಿದೆ ಅಷ್ಟೇ. ನಾನು ಕತ್ತರಿಯ ಹಿಡಿಯಿಂದ ತಿರುಗಿ ಬಡಿಯುತ್ತೇನೆ. ನಾನೇನು ಬಿಟ್ಟಿ ಬಿದ್ದಿದ್ದೇನೆಯೇ?

ಇನ್ನು ಆ ರೇಡಿಯೋ. ಬೆಳಗಾದರೆ ಹಾಡು ಹಚ್ಚುತ್ತಾಳೆ. ವಾರ್ತೆ ಶುರುವಾಯಿತೋ, "ನಿನ್ನ ಬಾಯಿಗೆ ಮಣ್ಣು ಹಾಕ" ಎಂದು ಓದುವವನಿಗೆ ಬೈದು ಕಟ್ಟನೆ ಆರಿಸುತ್ತಾಳೆ. ಭಾವನ ಜೀವ ಹೋದ ಹೊತ್ತಿನಲ್ಲಿ ವಾರ್ತೆ ಬರುತ್ತಿತ್ತಂತೆ. ಅವಳು ಯಾವಾಗ ಎದ್ದಳು, ಯಾವಾಗ ಕೆಮ್ಮಿದಳು, ಯಾವಾಗ ಹಿತ್ತಲಿಗೆ ನೀರು ಚೆಲ್ಲಿದಳು ಎಲ್ಲವೂ ನನಗೆ ಗೊತ್ತು. ತಿಳಿಯಬೇಕೆಂಬ ಆಸೆಯಿಂದಲ್ಲ, ಕಿವಿಗೆ ಮುಚ್ಚಳ ಇಲ್ಲದ್ದರಿಂದ.

ನಮ್ಮ ಬೀದಿಯೇ ಹೀಗೆ. ಮೂಲೆಮನೆಯವಳು ಎದುರುಮನೆಯವರ ಕಸದ ಚೀಲ ಬಿಚ್ಚಿ ನೋಡುತ್ತಾಳೆ. ಹಸಿಕಸದಲ್ಲಿ ಪ್ಲಾಸ್ಟಿಕ್ ಸಿಕ್ಕಿದರೆ ಚೀಲವನ್ನು ಅವರ ಹೊಸ್ತಿಲ ಮೇಲೇ ಬೋರಲು ಹಾಕಿ, ಬಾಗಿಲು ಬಡಿದು ಹೋಗುತ್ತಾಳೆ. ಯಾರ ಮನೆಯ ನಲ್ಲಿ ತೊಟ್ಟಿಕ್ಕಿದರೂ ಪಕ್ಕದವರು ಅದೇ ದಿನ ನೀರಿನ ಕಚೇರಿಗೆ ದೂರು ಕೊಡುತ್ತಾರೆ, ನೀರಿನ ಮೇಲಿನ ಪ್ರೀತಿಗಲ್ಲ. ಬೀದಿಯ ಮರದ ಕೊಂಬೆಗೆ ಯಾರಾದರೂ ಕೈ ಹಾಕಿದರೆ, ನೆರಳು ತಪ್ಪಿಹೋಗುವವನು ಬನಿಯನ್ನಿನಲ್ಲೇ ಓಡಿಬಂದು ಅವನ ಕೊರಳುಪಟ್ಟಿ ಹಿಡಿಯುತ್ತಾನೆ. ಇಲ್ಲಿ ಎಲ್ಲರೂ ಎಲ್ಲರ ಮೇಲೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುವವರೇ.

ಇಂಥ ಬೀದಿಗೆ ಪರೀಕ್ಷೆ ಬಂತು. ಹಳೆಯ ಬಡಾವಣೆಗಳು ಸುಸ್ಥಿರ ಹೌದೋ ಅಲ್ಲವೋ ನೋಡಿ ಮಾರ್ಕು ಹಾಕಲು ನಗರಪಾಲಿಕೆಯಿಂದ ಒಬ್ಬಳು ಬರುತ್ತಾಳಂತೆ. ಹೌದು ಎಂದರೆ ನಾವು ಇದ್ದ ಹಾಗೇ ಇರಬಹುದು. ಅಲ್ಲ ಎಂದರೆ ಬೀದಿಗೆ ಬೀದಿಯನ್ನೇ ನೆಲಸಮ ಮಾಡಿ, ಇಲ್ಲಿ ಎತ್ತರದ ಕಟ್ಟಡ ಎಬ್ಬಿಸಿ, ನಮ್ಮನ್ನೆಲ್ಲ ಊರಾಚೆ ಯಾವುದೋ ಹದಿನೆಂಟನೇ ಮಹಡಿಗೆ ಏರಿಸುತ್ತಾರೆ. ಹದಿನೆಂಟನೇ ಮಹಡಿಗೆ ಜಿಪ್ಪು ಹಾಕಿಸಲು ಯಾವ ಪುಣ್ಯಾತ್ಮ ಬರುತ್ತಾನೆ? ಬೀದಿಗೆ ಬಾಗಿಲು ತೆರೆದಿರುವ ಈ ಕೋಣೆ ನನ್ನ ಅನ್ನ. ಇದು ಹೋದರೆ ನಾನು ಹೋದ ಹಾಗೆ. ಸುದ್ದಿ ಕೇಳಿದಾಗ ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ನಾವು ಬದುಕುತ್ತಿರುವುದು ಸರಿಯೋ ಎಂದು ಯಾವಳೋ ಬಂದು ಹೇಳಬೇಕೇ?

ಬೀದಿಯ ಸಂಘದ ಅಧ್ಯಕ್ಷರು ಸೀಟಿ ಮೇಷ್ಟ್ರು. ಶಾಲೆಯಲ್ಲಿ ಕವಾಯತು ಮಾಡಿಸಿ ನಿವೃತ್ತರಾದವರು. ಸೀಟಿ ಮಾತ್ರ ಇನ್ನೂ ಕೊರಳಲ್ಲೇ ಇದೆ. ಅವರು ಎಲ್ಲರನ್ನೂ ನೀರಿನ ಟ್ಯಾಂಕಿನ ಕೆಳಗೆ ಸೇರಿಸಿದರು.

"ನೀರು, ಕಸ, ನೆರಳು, ನಡೆದು ಹೋಗೋಷ್ಟು ದೂರದಲ್ಲಿ ಅಂಗಡಿ, ಇದಕ್ಕೆಲ್ಲ ಮಾರ್ಕು ಬಂದೇ ಬರುತ್ತೆ. ನಮ್ಮ ತೊಂದರೆ ಏನು ಗೊತ್ತಾ? ನಾವೇ. 'ನೆರೆಹೊರೆಯ ಬಾಂಧವ್ಯ' ಅಂತ ಒಂದು ಭಾಗ ಇದೆ. ಅದರಲ್ಲಿ ಸೊನ್ನೆ ಬಂದ್ರೆ ಉಳಿದಿದ್ದೆಲ್ಲ ದಂಡ," ಎಂದರು. "ಅದಕ್ಕೇ ಅವತ್ತು ಬೆಳಗಿನಿಂದ ಯಾರೂ ಯಾರಿಗೂ ಬೈಯೋ ಹಾಗಿಲ್ಲ. ಕಸ ಸುರಿಯೋ ಹಾಗಿಲ್ಲ. ಕಿಟಕಿಯಲ್ಲಿ ಇಣುಕೋ ಹಾಗಿಲ್ಲ. ಗೋಡೆ ಬಡಿಯೋ ಹಾಗಿಲ್ಲ." ಇಲ್ಲಿ ನಮ್ಮಿಬ್ಬರ ಕಡೆಗೂ ಒಂದೊಂದು ಸಲ ನೋಡಿದರು. "ಪಕ್ಕದ ಮನೇಲಿ ಏನಾದ್ರೂ ಆಗಲಿ, ನಿಮ್ಮ ಪಾಡಿಗೆ ನೀವು ನಗ್ತಾ ಇರಿ."

"ಇವಳು ನಗೋದಾ?" ಹಿಂದಿನಿಂದ ನನ್ನ ಓರಗಿತ್ತಿಯ ದನಿ ಬಂತು. "ಆ ಹಲ್ಲು ನೋಡಿದ್ರೆ ಮಾರ್ಕು ಹಾಕೋಕೆ ಬಂದವಳು ಚಪ್ಪಲಿ ಬಿಟ್ಟು ಓಡ್ತಾಳೆ."

"ನಿನಗೆ ಹಲ್ಲೇ ಇಲ್ಲವಲ್ಲ ಅಕ್ಕ, ಅದಕ್ಕೇ ಹೊಟ್ಟೆಕಿಚ್ಚು," ಎಂದೆ.

ಮೇಷ್ಟ್ರು ಸೀಟಿ ಊದಿದರು.

ಆಮೇಲೆ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚಿದರು. ಮೂಲೆಮನೆಯವಳು ಎದುರುಮನೆಯವಳ ಜೊತೆ ಕೂತು ಟೀ ಕುಡಿಯಬೇಕು. ನಮ್ಮನೆಯವರು ಬಸ್ಸು ಡಿಪೋದಲ್ಲಿ ಮೆಕ್ಯಾನಿಕ್. ಅವರು ರಜೆ ಹಾಕಿ, ಈ ಬೀದಿಯಲ್ಲಿ ಜನ ನಡೆದಾಡುತ್ತಾರೆ ಎಂದು ತೋರಿಸಲು, ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರಬೇಕು. ಇಷ್ಟು ವರ್ಷ ಹೆಂಡತಿಗೂ ಅತ್ತಿಗೆಗೂ ಎದುರುತ್ತರ ಕೊಡದೆ ಬದುಕಿದ ಮನುಷ್ಯ, ಮೇಷ್ಟ್ರಿಗೆ ಕೊಡುತ್ತಾರೆಯೇ? ಆಗಲಿ ಎಂದರು. ನನ್ನ ಪಾಲಿಗೆ ಬಂದದ್ದು ಪರದೆ. ಒಗ್ಗಟ್ಟು ಕಾಣಬೇಕಂತೆ, ಅದಕ್ಕೆ ಬೀದಿಯ ಎಲ್ಲ ಕಿಟಕಿಗೂ ಒಂದೇ ನೀಲಿ ಪರದೆ. ಹೊಲಿಗೆ ನನ್ನದು, ಬಿಟ್ಟಿ.

ಮನೆಮನೆಯವರೂ ಕಿಟಕಿಯ ಅಳತೆ ತಂದುಕೊಟ್ಟರು. ಓರಗಿತ್ತಿಯ ಅಳತೆಯನ್ನು ನಮ್ಮನೆಯವರೇ ತಂದರು. ಅವಳ ಕಿಟಕಿಗೆ ಮಾವನ ಕಾಲದ ದಪ್ಪ ಮರದ ಕೋಲು ಇದೆ. ಕೋಲು ತೂರಿಸುವ ಮಡಿಕೆಯನ್ನು ಅದಕ್ಕೆ ತಕ್ಕ ಹಾಗೆ ಅಗಲ ಬಿಡಬೇಕು. ನಾನು ಒಂದು ಬೆರಳು ಕಡಿಮೆ ಬಿಟ್ಟೆ. ಮರೆತು ಅಲ್ಲ, ಬೇಕೆಂದೇ. ಕೋಲು ಒಳಗೆ ಹೋಗುತ್ತದೆ, ಆದರೆ ಒಂದೊಂದು ಅಂಗುಲಕ್ಕೂ ಜಗ್ಗಬೇಕು. ಅವಳು ಜಗ್ಗಲಿ, ಬೆವರಲಿ, ನನ್ನನ್ನು ಬಾಯಿಗೆ ಬಂದ ಹಾಗೆ ಬೈಯಲಿ, ಆದರೆ ಗೋಡೆ ಬಡಿಯಲು ಆಗದೆ ಮೈ ಪರಚಿಕೊಳ್ಳಲಿ ಎಂಬುದಷ್ಟೇ ನನ್ನ ಆಸೆ. ಆ ಮಡಿಕೆ ಹೊಲಿಯುವಾಗ ನನಗೆ ನಗು ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಪರೀಕ್ಷೆಯ ದಿನ ಬೆಳಗ್ಗೆ ಒಂದೊಂದೇ ಕಿಟಕಿಗೆ ಪರದೆ ಏರತೊಡಗಿತು. ಗೋಡೆಯ ಆಚೆ ಅವಳು ಕೆಮ್ಮಿದ್ದು ಕೇಳಿತು, ನೀರು ಚೆಲ್ಲಿದ್ದು ಕೇಳಿತು, ರೇಡಿಯೋ ಹಚ್ಚಿದ್ದು ಕೇಳಿತು. ಹಾಲಿನವನು ಬಂದು ಹೋದ ಮೇಲೆ ಸ್ಟೂಲು ಎಳೆದ ಸದ್ದಾಯಿತು. ಆಹಾ, ಹತ್ತಿದಳು ಎಂದುಕೊಂಡು ಕೆಲಸ ಬಿಟ್ಟು ಕಿವಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ದಡಾರ್ ಎಂದಿತು. ಕೋಲು ತೂರದ ಸಿಟ್ಟಿಗೆ ಸ್ಟೂಲನ್ನು ಒದ್ದಳು ಎಂದುಕೊಂಡೆ. ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ.

ಇನ್ನೇನು ಸೌಟು ಬಡಿಯುತ್ತದೆ ಎಂದು ಕಾದೆ. ಬಡಿಯಲಿಲ್ಲ.

ಓಹೋ, ಮೇಷ್ಟ್ರ ಮಾತು ಪಾಲಿಸುತ್ತಿದ್ದಾಳೆ ಎಂದುಕೊಂಡೆ. ಬೀದಿಯಲ್ಲೆಲ್ಲ ಅತಿ ಒಳ್ಳೆಯವಳು ಎನಿಸಿಕೊಳ್ಳುವ ಹುನ್ನಾರ. ಎಷ್ಟು ಹೊತ್ತು ತಡೆದುಕೊಳ್ಳುತ್ತಾಳೆ ನೋಡೋಣ ಎಂದು ಹಟ ಬಂತು. ಯಾರದೋ ದಪ್ಪ ಜೀನ್ಸು ರಿಪೇರಿಗೆ ಬಂದಿತ್ತು. ಅದನ್ನು ಮಡಿಸಿ ಮಷೀನಿಗೆ ಕೊಟ್ಟು, ಪೆಡಲನ್ನು ಪೂರ್ತಿ ಒತ್ತಿದೆ. ಗೋಡೆ ನಡುಗುವ ಹಾಗೆ ಸದ್ದಾಯಿತು. ಆ ಕಡೆಯಿಂದ ಉಸಿರಿಲ್ಲ. ಹೊಲಿದದ್ದನ್ನು ಬಿಚ್ಚಿ ಮತ್ತೆ ಹೊಲಿದೆ. ಸೂಜಿ ಒಂದು ಮುರಿಯಿತು, ಬೇರೆ ಹಾಕಿದೆ. ಅವಳ ಸೌಟಿನಿಂದ ಒಂದೇ ಒಂದು ಬಡಿತ ಬಂದಿದ್ದರೂ ಸಾಕಿತ್ತು, ಹೊರಗೆ ಹೋಗಿ ಬೀದಿಗೆಲ್ಲ ಕೇಳುವ ಹಾಗೆ 'ನೋಡಿ, ಮೊದಲು ಶುರು ಮಾಡಿದ್ದು ಯಾರು' ಎನ್ನುತ್ತಿದ್ದೆ. ಬೆಳಗೆಲ್ಲ ಹೀಗೇ ಕಳೆಯಿತು.

ಮಧ್ಯಾಹ್ನ ಮೇಷ್ಟ್ರು ಬೀದಿ ತಪಾಸಣೆ ಮಾಡುತ್ತಾ ನನ್ನ ಬಾಗಿಲಿಗೆ ಬಂದರು.

"ನಿಮ್ಮ ಓರಗಿತ್ತಿ ಮನೆ ಪರದೆ ಓರೆಯಾಗಿದೆಯಲ್ಲಮ್ಮಾ. ಒಂದು ಕಡೆ ಕೆಳಗೆ ಇಳಿಬಿದ್ದಿದೆ."

"ಅವರಿಗೇ ಹೇಳಿ," ಎಂದೆ ನಗುತ್ತಾ.

"ಬೇರೆ ದಿನ ಆಗಿದ್ರೆ ಬಾಗಿಲು ಬಡಿದು ಹೇಳ್ತಿದ್ದೆ. ಇವತ್ತು ಬೇಡ, ಹೇಳೋಕೆ ಹೋದ್ರೆ ಜಗಳ ಆಗುತ್ತೆ. ಓರೆ ಆದ್ರೂ ಪರವಾಗಿಲ್ಲ, ಆಕೆ ಬೆಳಗಿಂದ ಒಂದು ಮಾತು ಎತ್ತಿಲ್ಲ. ಅವರನ್ನ ನೋಡಿ ಕಲೀರಿ."

ನನಗೆ ಮೈ ಉರಿಯಿತು. ಅವರು ಅತ್ತ ಹೋದ ಮೇಲೆ ಇನ್ನೊಂದು ಸಲ ಪೆಡಲು ಒತ್ತಿದೆ.

ಮಾರ್ಕಿನವಳು ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ನಡುವಯಸ್ಸಿನ ಹೆಂಗಸು, ಮುಖದಲ್ಲಿ ನಗುವಿನ ಸುಳಿವಿಲ್ಲ. ಕೋಟಿನ ತೋಳಿನ ಅಂಚು ಬಿಚ್ಚಿಹೋಗಿತ್ತು, ಅದನ್ನು ಪಿನ್ನು ಚುಚ್ಚಿ ಸಿಕ್ಕಿಸಿಕೊಂಡಿದ್ದಳು. ತನ್ನ ತೋಳು ನೆಟ್ಟಗಿಲ್ಲ, ಊರಿನ ಬೀದಿಗಳ ಮಾರ್ಕು ಇವಳ ಕೈಯಲ್ಲಿ ಎಂದುಕೊಂಡೆ. ಮೇಷ್ಟ್ರು ಅವಳ ಹಿಂದೆ ಹಲ್ಲು ಕಿರಿದುಕೊಂಡು ಓಡಾಡುತ್ತಿದ್ದರು. ಮೂಲೆಮನೆಯವಳೂ ಎದುರುಮನೆಯವಳೂ ಕುಡಿದ ಟೀಯನ್ನೇ ಮತ್ತೆ ಮತ್ತೆ ಕುಡಿದು ವಾಕರಿಕೆ ಬಂದವರ ಮುಖ ಮಾಡಿಕೊಂಡಿದ್ದರು. ನಮ್ಮನೆಯವರು ನಡೆದು ನಡೆದು ಕುಂಟುತ್ತಿದ್ದರು. ಮಾರ್ಕಿನವಳು ಅವರನ್ನು ಎರಡು ಸಲ ನೋಡಿದಳು.

ಕೊನೆಗೆ ನನ್ನ ಕೋಣೆಗೆ ಬಂದು ಗಿರಾಕಿಗಳ ಕುರ್ಚಿಯಲ್ಲಿ ಕೂತಳು. ನಾನು ಮಷೀನು ನಿಲ್ಲಿಸಿ ಕೈಕಟ್ಟಿ ಕೂತೆ. ಮೇಷ್ಟ್ರು ಬಾಗಿಲ ಬಳಿ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದರು. ನೀರು ಎಷ್ಟು ಹೊತ್ತು ಬರುತ್ತದೆ, ಕಸ ಎಲ್ಲಿ ಹಾಕುತ್ತೀರಿ, ಸಂತೆ ಸಾಮಾನಿಗೆ ಬಸ್ಸು ಹತ್ತಬೇಕೇ ಎಂದೆಲ್ಲ ಕೇಳಿದಳು. ನಾನು ಬಾಯಿಪಾಠ ಒಪ್ಪಿಸಿದೆ. ಆಮೇಲೆ ಪೆನ್ನು ಕೆಳಗಿಟ್ಟಳು.

"ಇದೊಂದು ಎಲ್ಲ ಕಡೆಯೂ ಕೇಳ್ತೀನಿ. ನೀವು ಮನೆಯೊಳಗೆ ಒಬ್ಬರೇ ಇದ್ದಾಗ ಬಿದ್ದುಬಿಟ್ರಿ ಅಂದುಕೊಳ್ಳಿ. ಎಷ್ಟು ಹೊತ್ತಿಗೆ ಬೇರೆಯವರಿಗೆ ಗೊತ್ತಾಗುತ್ತೆ?"

"ತಕ್ಷಣ ಮೇಡಂ," ಎಂದೆ. "ನಾವೆಲ್ಲ ಒಂದೇ ಮನೆಯವರ ಹಾಗೆ. ಪಕ್ಕದಲ್ಲಿ ನಮ್ಮಕ್ಕ ಇದಾರೆ. ನನಗೆ ಒಂದು ಮುಳ್ಳು ಚುಚ್ಚಿದ್ರೆ..."

ಮಾತು ಅಲ್ಲಿಗೇ ನಿಂತಿತು. ಮಷೀನಿನ ಸದ್ದು ಇಲ್ಲದ ಆ ಕೋಣೆಯಲ್ಲಿ ಗೋಡೆಯ ಆಚೆಯ ರೇಡಿಯೋ ಸ್ಪಷ್ಟವಾಗಿ ಕೇಳುತ್ತಿತ್ತು. ಒಬ್ಬ ಗಂಡಸು ಗಂಟಲು ಸರಿಮಾಡಿಕೊಂಡು ವಾರ್ತೆ ಓದುತ್ತಿದ್ದ. ಯಾರೋ ಮಂತ್ರಿ ಎಲ್ಲಿಗೋ ಹೋದದ್ದು ಮುಗಿಯಿತು. ಯಾವುದೋ ಸೇತುವೆಯ ವಿಷಯ ಶುರುವಾಯಿತು. ಅವನ ಬಾಯಿಗೆ ಯಾರೂ ಮಣ್ಣು ಹಾಕಲಿಲ್ಲ.

ಬೆಳಗಿನ ಆ ದಡಾರ್ ಸದ್ದು ಈಗ ಸರಿಯಾಗಿ ಕೇಳಿಸಿತು. ಸ್ಟೂಲು ಒದ್ದರೆ ಬರುವ ಸದ್ದಲ್ಲ ಅದು. ಓರೆಯಾದ ಪರದೆ. ಬಡಿಯದ ಸೌಟು. ನಾನು ಮಷೀನು ಒತ್ತುತ್ತಾ ಇಡೀ ಬೆಳಗು ನಗುತ್ತಾ ಕೂತಿದ್ದೆ.

"ಹೇಳಿ, ಮುಳ್ಳು ಚುಚ್ಚಿದ್ರೆ?" ಎಂದಳು ಮಾರ್ಕಿನವಳು.

ಬಾಗಿಲಲ್ಲಿ ಮೇಷ್ಟ್ರು ಮುಂದುವರಿಸು ಎಂದು ಕಣ್ಣಲ್ಲೇ ಸನ್ನೆ ಮಾಡಿದರು. ಇನ್ನು ಎರಡು ಮಾತು ಆಡಿ ಹಲ್ಲು ತೋರಿಸಿದ್ದರೆ ಆಕೆ ಎದ್ದು ಹೋಗುತ್ತಿದ್ದಳು. ಮಾರ್ಕು ಸಿಗುತ್ತಿತ್ತು, ಈ ಕೋಣೆ ಉಳಿಯುತ್ತಿತ್ತು. ಆಕೆ ಅತ್ತ ಹೋದ ಮೇಲೆ ನೋಡಿದರಾಯಿತು ಎಂಬ ಯೋಚನೆಯೂ ಬಂತು. ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಕತ್ತರಿ ಎತ್ತಿಕೊಂಡು ಗೋಡೆಗೆ ಬಡಿದೆ. ಉತ್ತರವಿಲ್ಲ. ಇನ್ನೂ ಜೋರಾಗಿ ಬಡಿದೆ. ಸುಣ್ಣದ ಚಕ್ಕೆ ಮಾರ್ಕಿನವಳ ಕೋಟಿನ ಮೇಲೆ ಉದುರಿತು.

"ಏ ಮುದುಕೀ! ಬಡಿಯೇ ಗೋಡೆನ! ಸತ್ತುಗಿತ್ತು ಹೋದ್ಯಾ?"

"ಏನಮ್ಮಾ ಇದು!" ಎಂದು ಮೇಷ್ಟ್ರು ಒಳಗೆ ನುಗ್ಗಿದರು. "ಮೇಡಂ, ತಮಾಷೆ ಮೇಡಂ, ಇವರು ಯಾವಾಗಲೂ ಹೀಗೇ ತಮಾಷೆ."

ನಾನು ಅವರನ್ನು ತಳ್ಳಿಕೊಂಡು ಹೊರಗೆ ಓಡಿದೆ. ಅವಳ ಮುಂಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಕಿಟಕಿಗೆ ಕಂಬಿ. ಉಳಿದದ್ದು ಹಿತ್ತಲು. ಹಿತ್ತಲ ನಡುವಿನ ಗೋಡೆಯ ಮೇಲೆ ಉದ್ದಕ್ಕೂ ಗಾಜಿನ ಚೂರು. ಅವಳು ಇಣುಕಬಾರದೆಂದು ಹಟ ಹಿಡಿದು ಅದನ್ನು ನೆಡಿಸಿದವಳು ನಾನೇ. ಪರದೆ ಹೊಲಿದು ಮಿಕ್ಕಿದ್ದ ನೀಲಿ ಬಟ್ಟೆಯನ್ನು ಮುದ್ದೆ ಮಾಡಿ ಅದರ ಮೇಲೆ ಒಗೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲಿಟ್ಟು ಹತ್ತಿದೆ. ಹಿಂದೆ ಮೇಷ್ಟ್ರು ಸೀಟಿ ಊದುತ್ತಿದ್ದರು. "ಇಳೀರಿ! ಮೇಡಂ ನೋಡ್ತಾ ಇದಾರೆ! ಇಳೀರಿ!" ಗಾಜು ಬಟ್ಟೆಯನ್ನು ಸೀಳಿ ನನ್ನ ಅಂಗೈಗೆ ಇಳಿಯಿತು. ಆ ಕಡೆ ದೊಪ್ಪನೆ ಬಿದ್ದು ಎದ್ದು, ತೆರೆದಿದ್ದ ಹಿಂಬಾಗಿಲಿನಿಂದ ಒಳಗೆ ಹೋದೆ.

ಕಿಟಕಿಯ ಕೆಳಗೆ ಬಿದ್ದಿದ್ದಳು. ಒಂದು ಕಾಲು ಇರಬಾರದ ರೀತಿಯಲ್ಲಿ ಹೊರಳಿತ್ತು. ಪಕ್ಕದಲ್ಲಿ ಸ್ಟೂಲು ಬೋರಲು ಬಿದ್ದಿತ್ತು. ಮೇಲೆ ಮರದ ಕೋಲು ಒಂದೇ ತುದಿಯಲ್ಲಿ ನೇತಾಡುತ್ತಿತ್ತು. ನೀಲಿ ಪರದೆ ಅರ್ಧ ದಾರಿಗೆ ಬಂದು, ಮಡಿಕೆ ಬಿಗಿಯಾಗಿ ಸಿಕ್ಕಿಹಾಕಿಕೊಂಡಿತ್ತು. ಕಣ್ಣು ಮುಚ್ಚಿದ್ದಳು. ನಾನು ಪಕ್ಕದಲ್ಲಿ ಕುಸಿದು ಕೂತು ಅಕ್ಕಾ ಎಂದೆ.

ಕಣ್ಣು ತೆರೆದಳು.

"ಬಂದ್ಯಾ ಪೀಡೆ," ಎಂದಳು. ದನಿ ಒಣಗಿ ಹೋಗಿತ್ತು. "ಬೆಳಗಿಂದ ಕೂಗ್ತಾ ಇದೀನಿ. ನಾನು ಬಾಯಿ ತೆರೆದಾಗೆಲ್ಲ ಆ ನಿನ್ನ ದರಿದ್ರ ಮಷೀನು."

"ಗೋಡೆ ಬಡಿಯೋಕೆ ಏನಾಗಿತ್ತು ನಿನಗೆ?"

"ಸೌಟು ಅಡುಗೆಮನೇಲಿದೆ. ಬೀಳೋ ಮೊದಲು ಹೋಗಿ ತಂದಿಟ್ಕೋಬೇಕಿತ್ತಾ?"

ನೀರು ತಂದು ಕುಡಿಸಿದೆ. ಅರ್ಧ ಲೋಟ ಕುಡಿದು, ಲೋಟಕ್ಕೆ ರಕ್ತ ಮೆತ್ತಿದ್ದೀಯ ಎಂದು ಮುಖ ಗಂಟಿಕ್ಕಿದಳು. ಹೋಗಿ ಮುಂಬಾಗಿಲ ಚಿಲಕ ತೆಗೆದೆ. ಮಾರ್ಕಿನವಳು ಹೊಸ್ತಿಲಲ್ಲೇ ನಿಂತಿದ್ದಳು, ಆಗಲೇ ಆಂಬುಲೆನ್ಸಿಗೆ ಫೋನು ಮಾಡಿ ಮುಗಿಸಿದ್ದಳು. ಅವಳ ಹಿಂದೆ ಕುಂಟುತ್ತಾ ನಮ್ಮನೆಯವರು, ಅವರ ಹಿಂದೆ ಬೀದಿಗೆ ಬೀದಿಯೇ ಇತ್ತು. ನಮ್ಮನೆಯವರು ಒಳಗೆ ಬಂದು ರೇಡಿಯೋ ಆರಿಸಿದರು.

ಮೇಷ್ಟ್ರು ಈಗಲೂ ಬಿಡಲಿಲ್ಲ. "ನೋಡಿದ್ರಾ ಮೇಡಂ, ಓರಗಿತ್ತಿಗೋಸ್ಕರ ಗಾಜಿನ ಗೋಡೆ ಹಾರಿದ್ರು. ಇದಕ್ಕಿಂತ ಬಾಂಧವ್ಯ ಬೇಕಾ?"

ಮಾರ್ಕಿನವಳು ಅವರ ಕಡೆ ತಿರುಗಲಿಲ್ಲ. ನೆಲದ ಮೇಲೆ ಓರಗಿತ್ತಿಯ ಪಕ್ಕ ಮಂಡಿಯೂರಿ ಕೂತು, "ಎಷ್ಟು ಹೊತ್ತಿಗೆ ಬಿದ್ರಿ ಅಮ್ಮಾ?" ಎಂದಳು.

"ಬೆಳಗ್ಗೆ. ಹಾಲಿನವನು ಹೋದ ಮೇಲೆ."

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ತಕ್ಷಣ ಮೇಡಂ ಎಂದು ಆಗಷ್ಟೇ ಹೇಳಿದ ಬಾಯಿ ಇದು. ಭೂಮಿ ಬಿರಿದು ನುಂಗಿದರೆ ಸಾಕು ಎನಿಸಿತು.

"ಅಷ್ಟು ಹೊತ್ತೂ ಯಾರಿಗೂ ಗೊತ್ತಾಗಲಿಲ್ವಾ?"

"ಹೇಗೆ ಗೊತ್ತಾಗುತ್ತೆ?" ನನ್ನ ಓರಗಿತ್ತಿ ನೋವಿಗೆ ಹಲ್ಲಿಲ್ಲದ ಒಸಡು ಕಚ್ಚಿಕೊಂಡು ಹೇಳಿದಳು. "ಬೇರೆ ದಿನ ಆಗಿದ್ರೆ ನಾನು ಬೀಳೋ ಮೊದಲೇ ಇವಳಿಗೆ ಗೊತ್ತಾಗಿರೋದು. ನಾನು ಎರಡು ಸಲ ಕೆಮ್ಮಿದ್ರೆ ಆ ಕಡೆಯಿಂದ ಬೈತಾಳೆ. ಪರದೆ ಓರೆಯಾದ್ರೆ ಈ ಸೀಟಿ ಬಂದು ಬಾಗಿಲು ಮುರಿಯೋ ಹಾಗೆ ಬಡಿಯುತ್ತೆ. ಕಸ ಹೊರಗಿಡೋದು ತಡ ಆದ್ರೆ ಆ ಮೂಲೆಮನೆಯವಳು ಕಿಟಕಿಗೆ ಮೂತಿ ತೂರಿಸ್ತಾಳೆ. ಇವತ್ತು ನೀವು ಬರ್ತೀರಿ ಅಂತ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ರು. ಅದಕ್ಕೇ ನಾನು ಬೆಳಗಿಂದ ಇಲ್ಲಿ ಬಿದ್ದಿದ್ದೆ."

ಮೇಷ್ಟ್ರು ಕೊರಳ ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡರು.

"ಬಿದ್ದಿದ್ದು ಹೇಗೆ?" ಎಂದು ಕೇಳಿದಳು ಮಾರ್ಕಿನವಳು.

ನನ್ನ ಓರಗಿತ್ತಿ ಮೇಲೆ ನೇತಾಡುವ ಕೋಲನ್ನು ನೋಡಿದಳು. ಸಿಕ್ಕಿಹಾಕಿಕೊಂಡ ಮಡಿಕೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಗೊತ್ತಿತ್ತು. ಬೆಳಗಿನಿಂದ ಮಲಗಿದಲ್ಲೇ ಆ ಮಡಿಕೆಯನ್ನೇ ನೋಡುತ್ತಿದ್ದವಳಿಗೆ ಗೊತ್ತಾಗದೇ ಇರುತ್ತದೆಯೇ? ಪಕ್ಕದ ಮನೆಯವಳು ಬೇಕೆಂದು ಬೀಳಿಸಿದಳು ಎಂದು ಒಂದು ಮಾತು ಅಂದರೆ ಬೀದಿಯ ಕತೆ ಅಲ್ಲಿಗೆ ಮುಗಿಯುತ್ತಿತ್ತು, ನನ್ನದೂ.

"ವಯಸ್ಸಾಯ್ತಲ್ಲ," ಎಂದಳು. "ಕಾಲು ಜಾರಿತು."

ಆಂಬುಲೆನ್ಸಿನವರು ಬಂದು ಅವಳನ್ನು ಎತ್ತಿಕೊಂಡರು. ಮಾರ್ಕಿನವಳು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ಎಲ್ಲರಿಗೂ ಕೇಳುವ ಹಾಗೇ ಹೇಳಿದಳು. "ಇವತ್ತು ಕಂಡದ್ದಕ್ಕೆ ಮಾರ್ಕು ಹಾಕಿದ್ರೆ ನಿಮ್ಮ ಬೀದಿ ಉಳಿಯಲ್ಲ. ನಾನು ಇನ್ನೊಂದು ಸಲ ಬರ್ತೀನಿ. ಯಾವಾಗ ಅಂತ ಹೇಳಲ್ಲ. ಆ ಪರದೆಗಳನ್ನೆಲ್ಲ ತೆಗೆಸಿ, ಯಾರು ಮನೇಲಿದಾರೆ ಅಂತಾನೇ ಕಾಣಲ್ಲ."

ಆಂಬುಲೆನ್ಸಿನಲ್ಲಿ ಅವಳ ಜೊತೆ ನಾನೇ ಕೂತೆ. ಬೇರೆ ಯಾರಿದ್ದರು? ನನ್ನ ಅಂಗೈಗೆ ಯಾರೋ ಬಟ್ಟೆ ಸುತ್ತಿದ್ದರು. ಗಾಡಿ ಹಳ್ಳಕ್ಕೆ ಬಿದ್ದಾಗಲೆಲ್ಲ ಅವಳು ನರಳಿ, ನರಳಿದ್ದು ನನಗೆ ಕೇಳಿತೆಂದು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಎಷ್ಟು ಕಡಿಮೆ ಬಿಟ್ಟಿದ್ದೆ ಮಡಿಕೆನ?" ಎಂದು ಕೇಳಿದಳು.

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಒಂದು ಬೆರಳು."

"ಸುಳ್ಳಿ. ಒಂದೂವರೆ."

"ನೀನು ಬೀಳಲಿ ಅಂತ ಮಾಡಲಿಲ್ಲ ಅಕ್ಕ. ನನಗೆ..." ಎಂದೆ. ಅಳು ಬಂತು. ಅವಳ ಮುಂದೆ ಅಳಬಾರದೆಂದು ಎಷ್ಟು ವರ್ಷ ತಡೆದಿದ್ದೆನೋ, ಅಷ್ಟೂ ಒಟ್ಟಿಗೆ ಬಂತು.

"ಮೂಗು ಒರೆಸ್ಕೋ. ಅಸಹ್ಯ."

"ಆಕೆಗೆ ಯಾಕೆ ಹೇಳಲಿಲ್ಲ?"

"ನಿನ್ನ ಮುಖ ನೋಡಿ ಬಿಟ್ಟೆ ಅಂದ್ಕೊಂಡ್ಯಾ? ಬೀದಿ ಹೋದ್ರೆ ನನ್ನ ಮನೆನೂ ಹೋಗುತ್ತೆ. ಅಲ್ಲದೆ," ಎಂದು ಕಣ್ಣು ಮುಚ್ಚಿದಳು, "ಒಂದೇ ಸಲ ಹೇಳಿ ಮುಗಿಸೋ ಅಷ್ಟು ಪೆದ್ದಿ ಅಲ್ಲ ನಾನು. ಅದನ್ನ ಇಟ್ಕೊಂಡಿದೀನಿ. ಸಾಯೋವರೆಗೂ ಬೇಕಾಗುತ್ತೆ."

ಆ ಮಾತನ್ನು ಅವಳು ಅಕ್ಷರಶಃ ಉಳಿಸಿಕೊಂಡಿದ್ದಾಳೆ. ಸೊಂಟದ ಮೂಳೆಗೆ ಕಬ್ಬಿಣ ಕೂರಿಸಿಕೊಂಡು ಮನೆಗೆ ಬಂದ ದಿನವೇ ಮಂಚವನ್ನು ನಡುಗೋಡೆಗೆ ಒತ್ತಿ ಹಾಕಿಸಿಕೊಂಡಳು. ಸೌಟು ತಲೆದಿಂಬಿನ ಕೆಳಗೆ. ಒಂದು ಬಡಿತ ಎಂದರೆ ಈಗ ಊಟ ತಾ. ಎರಡು ಎಂದರೆ ಉಪ್ಪು ಕಡಿಮೆ. ನಾನು ಕೆಲಸವಿದೆ ಎಂದು ತಡಮಾಡಿದರೆ ಗೋಡೆಯ ಆಚೆಯಿಂದ ಒಂದೇ ಮಾತು ಬರುತ್ತದೆ, "ಪರದೆ!" ನಾನು ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತೇನೆ. ಆ ಪರದೆಯನ್ನು ಬಿಚ್ಚಿ ಸರಿಯಾಗಿ ಹೊಲಿದುಕೊಡುತ್ತೇನೆ ಎಂದರೆ ಮುಟ್ಟಲು ಬಿಡಲಿಲ್ಲ. ಮಂಚದಿಂದ ಕಾಣುವ ಹಾಗೆ ಮೊಳೆಗೆ ನೇತುಹಾಕಿಸಿಕೊಂಡಿದ್ದಾಳೆ. ನಾನು ಊಟ ಕೊಡಲು ಹೋದಾಗಲೆಲ್ಲ ಅದರ ಕಡೆಯೂ ನನ್ನ ಕಡೆಯೂ ನೋಡುತ್ತಾಳೆ. ಕೆಲವು ದಿನ ಅವಳನ್ನು ಕಂಡರೆ ನನಗೆ ಕೊಂದುಬಿಡುವಷ್ಟು ಸಿಟ್ಟು ಬರುತ್ತದೆ.

ಮಾರ್ಕಿನವಳು ಬಂದದ್ದು ಅಂಥ ಒಂದು ದಿನ. ಯಾರಿಗೂ ಹೇಳದೆ, ಬೆಳಗಿನ ಕೆಲಸದ ಹೊತ್ತಿನಲ್ಲಿ ಬಂದಳು. ಹೊರಗೆ ಮೂಲೆಮನೆಯವಳು ಎದುರುಮನೆಯ ಹೊಸ್ತಿಲ ಮೇಲೆ ಕಸದ ಚೀಲ ಸುರಿದು, ಪ್ಲಾಸ್ಟಿಕ್ಕನ್ನು ಒಂದೊಂದಾಗಿ ಎತ್ತಿ ತೋರಿಸಿ ಬೈಯುತ್ತಿದ್ದಳು. ಮರದ ಕೆಳಗೆ ಯಾರೋ ಯಾರದೋ ಕೊರಳುಪಟ್ಟಿ ಹಿಡಿದಿದ್ದರು. ಮೇಷ್ಟ್ರು ಅವರಿಬ್ಬರ ನಡುವೆ ಸೀಟಿ ಊದುತ್ತಾ, ಹೊಡೆತವನ್ನೂ ತಿನ್ನುತ್ತಾ ಇದ್ದರು. ಮಾರ್ಕಿನವಳು ಅದನ್ನೆಲ್ಲ ದಾಟಿಕೊಂಡು ನನ್ನ ಬಾಗಿಲಿಗೆ ಬಂದಳು. ಮುಗಿಯಿತು, ಹದಿನೆಂಟನೇ ಮಹಡಿ ಖಾಯಂ ಎಂದುಕೊಂಡೆ. ಕೋಟಿನ ತೋಳಿಗೆ ಈಗಲೂ ಅದೇ ಪಿನ್ನು.

"ಕೋಟು ಬಿಚ್ಚಿಕೊಡಿ," ಎಂದೆ. "ಮಾರ್ಕಿಗೋಸ್ಕರ ಅಲ್ಲ. ನೋಡೋಕೆ ಆಗ್ತಿಲ್ಲ."

ಆಕೆ ಬಿಚ್ಚಿಕೊಟ್ಟು, ಅದೇ ಕುರ್ಚಿಯಲ್ಲಿ ಕೂತಳು. ನಾನು ತೋಳಿನ ಅಂಚು ಮಡಿಸಿ ಮಷೀನಿಗೆ ಕೊಟ್ಟೆ.

"ಅವತ್ತು ನನ್ನ ಪ್ರಶ್ನೆಗೆ ನೀವು ಉತ್ತರ ಮುಗಿಸಲಿಲ್ಲ," ಎಂದಳು. "ನೀವು ಒಳಗೆ ಒಬ್ಬರೇ ಬಿದ್ದುಬಿಟ್ರೆ..."

ಉತ್ತರ ಹೇಳಲು ಮಷೀನು ನಿಲ್ಲಿಸಿದೆ. ಒಮ್ಮೆ ಸುಳ್ಳು ಹೇಳಿದ ಬಾಯಿಯಿಂದ ನಿಜ ಹೇಳಿದರೂ ಯಾರು ನಂಬುತ್ತಾರೆ? ನಾನು ತಲೆ ತಗ್ಗಿಸಿ ಆ ತೋಳನ್ನೇ ನೋಡುತ್ತಾ ಕೂತೆ.

ಗೋಡೆ ಧಡಧಡ ಎಂದಿತು.

"ಯಾಕೇ ನಿಂತಿತು ಮಷೀನು?" ಆಚೆಯಿಂದ ಕೂಗು ಬಂತು. "ಏ! ಮಾತಾಡೇ! ಬಿದ್ದುಗಿದ್ದು ಸತ್ತ್ಯಾ?"

"ಇನ್ನೂ ಇಲ್ಲ!" ಎಂದು ಕೂಗಿದೆ.

"ಹಂಗಾದ್ರೆ ತುಳಿ! ಸುಮ್ನೆ ಹೆದರಿಸ್ತಾಳೆ, ಮನೆಹಾಳಿ!"

ಮಾರ್ಕಿನವಳು ಗೋಡೆಯನ್ನು ನೋಡಿದಳು, ನನ್ನನ್ನು ನೋಡಿದಳು. ಪೆನ್ನು ತೆಗೆದು ಏನೋ ಬರೆದು, ಚೀಲ ಮುಚ್ಚಿದಳು. ಆ ಮುಖದಲ್ಲಿ ನಗು ಕಂಡದ್ದು ಅದೇ ಮೊದಲು.

"ಈ ಬೀದಿನ ಕೆಡವಬೇಡಿ ಅಂತ ಬರೆದಿದೀನಿ," ಎಂದಳು. "ಕೋಟು ಮುಗಿಸಿಕೊಡಿ."

ಗೋಡೆಯ ಆಚೆ ದನಿ ತಗ್ಗಿತು, ಅನುಮಾನ ಹುಟ್ಟಿತು. "ಯಾರೇ ಅದು ಬಂದಿರೋದು? ಪರದೆ ವಿಷಯ ಹೇಳಲಾ?"

ನಾನು ಪೆಡಲನ್ನು ಪೂರ್ತಿ ಒತ್ತಿದೆ.